ವ್ರೀಹಿಯ ಮರುವಿಚಾರಣೆ



ಹವಾಮಾನದ ವ್ಯತ್ಯಯವನ್ನು ಕಂಡು ಗೃಹಸ್ಥನಾದವನು ತನ್ನ ದಿನಚರಿಯನ್ನು ಹೇಗೆ ತಿದ್ದಿಕೊಳ್ಳಬೇಕೆಂಬುದು ಚಿತ್ತವಾಡ್ಗಿಯ ನೀವು ಈ ಸಂಜೆ ನನಗೆ ಒಪ್ಪಿಸಿರುವ ವಿಷಯ. ಬಟ್ಟೆಯ ಚೀಲ, ಸೈಕಲ್ಲಿನ ಸವಾರಿ, ಆರಿಸಿದ ದೀಪ ಇವನ್ನೆಲ್ಲ ನಿಮ್ಮ ಮನೆಯ ಶಾಲಾಬಾಲಕರೇ ನನಗಿಂತ ಚೆನ್ನಾಗಿ ಬೋಧಿಸಬಲ್ಲರಾದುದರಿಂದ, ಬಹುಕಾಲದಿಂದ ಮಿತ್ರರೊಡನೆ ನಾನು ಜಗಳವಾಡುತ್ತ ಬಂದಿರುವ ಒಂದೇ ಸಂಗತಿಯನ್ನು, ಅಂದರೆ ತಟ್ಟೆಯ ಅನ್ನವನ್ನು, ಹಿಡಿದು ಮಾತನಾಡುತ್ತೇನೆ.

ಸಮೀಪದಲ್ಲಿ ಬೆಳೆದುದನ್ನುಂಡರೆ ಲಾರಿಯ ಹೊಗೆ ತಪ್ಪಿ ಭೂಮಿಗೆ ಹಿತವಾಗುವುದೆಂಬ ವಾದ ಈಚೆಗೆ ವೇದವಾಕ್ಯವಾಗಿದೆ. ಆ ಪ್ರಮಾಣವನ್ನೊಪ್ಪಿದರೆ ಕಂಪ್ಲಿಯ ಸೋನಾಮಸೂರಿ ನಮಗೆ ಪರಮಸಾತ್ವಿಕ. ವಿಜಯಪುರದ ಬಿಳಿಜೋಳ ಪರದೇಶಿ. ನನ್ನ ತಕರಾರಿರುವುದು ಇಲ್ಲಿಯೇ. ನೀರು ನಿಂತ ಗದ್ದೆಯ ಮಣ್ಣಿಗೆ ಪ್ರಾಣವಾಯು ಎಟುಕದೆ, ಅಲ್ಲಿ ಕೊಳೆಯುವ ಕೂಳೆಯನ್ನುಂಡು ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಹೊರಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಅದರ ತಾಪಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು. ಲಾರಿಯ ಹೊಗೆ ಅದರ ಮುಂದೆ ಅಲ್ಪ. ಆದಕಾರಣ ಆರು ಹರದಾರಿಯ ಅಕ್ಕಿಗಿಂತ ನಲವತ್ತು ಹರದಾರಿಯ ಜೋಳವೇ ವಾಸಿ. ಗದ್ದೆಯಲ್ಲಿ ನೀರು ನಿಂತ ದಿನಗಳೇ ನಮ್ಮ ಅಳತೆಗೋಲಾಗಬೇಕು.

ಈ ವ್ಯಾಜ್ಯ ಹಳೆಯದು. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ವ್ರೀಹಿಗೂ ನರೆದಲಗನಿಗೂ, ಎಂದರೆ ಬತ್ತಕ್ಕೂ ರಾಗಿಗೂ, ರಾಮನ ಮುಂದೆ ನಡೆದ ಕಲಹವನ್ನು ನೀವೆಲ್ಲ ಬಲ್ಲಿರಿ. ಆರು ತಿಂಗಳ ಸೆರೆಯಲ್ಲಿ ಬತ್ತ ಸೊರಗಿತು, ರಾಗಿ ಗೆದ್ದು ರಾಘವನ ಹೆಸರನ್ನೇ ಪಡೆಯಿತು. ನಮಗಿದನ್ನು ಪಾಠ ಹೇಳಿದ ಮಾಸ್ತರು, ಜೋಳದ ರೊಟ್ಟಿ ಪುಂಡಿಪಲ್ಲೆಯ ಬುತ್ತಿಯನ್ನು ಶಾಲೆಯ ಜಗಲಿಯಲ್ಲೇ ಬಿಚ್ಚುತ್ತಿದ್ದ, ಅನ್ನವನ್ನು ಹಬ್ಬಹುಣ್ಣಿಮೆಗಳಿಗೆ ಮೀಸಲಿಟ್ಟಿದ್ದ ಆ ವೃದ್ಧರು, ತೀರ್ಪನ್ನು ಬಾಯ್ತುಂಬ ಹೊಗಳಿದ ಮೇಲೆ ಕನ್ನಡಕವನ್ನು ಹಣೆಗೇರಿಸಿ, “ಕಾಳುಗಳನ್ನೇನೋ ಸೆರೆಗೆ ಹಾಕಿದರು, ಬೆಳೆದವನನ್ನು ಸಾಕ್ಷಿಗೆ ಕರೆದರೇನ್ರೋ?” ಎಂದು ಕೇಳುತ್ತಿದ್ದರು. ನಾವು ನಗುತ್ತಿದ್ದೆವು.

ಆ ಸಾಕ್ಷಿಯನ್ನು, ಬತ್ತ ಬೆಳೆಯುವ ರೈತನನ್ನು, ಈಗಲಾದರೂ ಕರೆಯೋಣ. ರಾಯ, ಬಸವ, ತುರ್ತಾ ಕಾಲುವೆಗಳ ಕೆಳಗೆ ವಿಜಯನಗರದ ಕಾಲದಿಂದಲೂ ತರಿ ಬೇಸಾಯವುಂಟು; ಅದರ ಮಾತು ಬೇರೆ. 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಯೋಜನೆಯಾದರೋ, ಬರಪೀಡಿತ ಎರೆಭೂಮಿಯ ಖುಷ್ಕಿ ಪೈರುಗಳಿಗೆ ತೆಳುವಾಗಿ ನೀರುಣಿಸುವ ಸಂಕಲ್ಪದಿಂದ ಹುಟ್ಟಿದುದು. ಆದರೆ ಮೇಲ್ಭಾಗದ ಅಚ್ಚುಕಟ್ಟು ಬತ್ತಕ್ಕೆ ತಿರುಗಿತು. ಮಾನ್ವಿ, ಸಿರವಾರಗಳ ಕೊನೆಭಾಗದವರು ಕಾಲುವೆಯ ನೀರಿಗಾಗಿ ಇಂದಿಗೂ ಬಾಯಿ ಬಿಡುತ್ತಾರೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದ ರಾತ್ರಿಯನ್ನು ನಿಮಗೆ ವರ್ಣಿಸಬೇಕಾದುದಿಲ್ಲ.

ಹಾಗಿದ್ದರೆ ಜೋಳಕ್ಕೇ ಮರಳು ಎಂದರೆ, ಸಾಕ್ಷಿಯು ಹೇಳುವುದೇನು? ಅಕ್ಕಪಕ್ಕದ ಗದ್ದೆಗಳ ಬಸಿನೀರು ತನ್ನ ಹೊಲದಲ್ಲಿ ಒಸರುತ್ತಿರುವಾಗ ಒಬ್ಬನೇ ಜೋಳವನ್ನು ಬಿತ್ತಲಾರನೆಂದು. ಬತ್ತವನ್ನು ಬಿಡದೆಯೇ, ನೀರನ್ನು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಕ್ಕಿಳಿಯಗೊಟ್ಟು ಮತ್ತೆ ಕಟ್ಟುವ, ಇಳುವರಿಯನ್ನು ಕುಂದಿಸದೆ ಮೀಥೇನನ್ನು ಬಹುಮಟ್ಟಿಗೆ ತಗ್ಗಿಸುವ ಪದ್ಧತಿಯೊಂದುಂಟು. ಆದರೆ ಮುಂದಿನ ಸರದಿಯ ನೀರು ಬಂದೀತೆಂಬ ನಂಬಿಕೆಯಿಲ್ಲದವನು ಇಂದು ಬಂದುದನ್ನು ಹೇಗೆ ಬಿಟ್ಟಾನು? ಕಾಲುವೆ ನೆಚ್ಚಿಗೆಯದಾಗದೆ ಗದ್ದೆ ಒಣಗದು. ಈ ಒಂದು ಮಾತು ನನ್ನ ಜೋಳದ ವಾದವನ್ನು ಅರ್ಧಕ್ಕರ್ಧ ಸಡಿಲಿಸಿದೆ.

ತೋರಣಗಲ್ಲಿನ ಉಕ್ಕಿನ ಕುಲುಮೆಗಳೆದುರು ನಿನ್ನ ರೊಟ್ಟಿ ಯಾವ ಲೆಕ್ಕವೆಂದು ಛೇಡಿಸುವವರಿಗೆ ನಾನು ಉತ್ತರಿಸಬಲ್ಲೆ. ಕುಲುಮೆಯ ಕೀಲಿಕೈ ನನ್ನಲ್ಲಿಲ್ಲ, ಅಡುಗೆಮನೆಯದು ಇದೆ. ಉತ್ತರಿಸಲಾರದ ಪ್ರಶ್ನೆಗಳು ಬೇರೆ. ಪಡಿತರದ ಅಕ್ಕಿಯಿಂದಲೇ ಒಲೆ ಹೊತ್ತುವ ಮನೆಗೆ ಹೋಗಿ, ಪೇಟೆಯ ದರಕ್ಕೆ ಜೋಳ ಕೊಂಡು ಧರ್ಮ ನಡೆಸಿರೆಂದು ಯಾವ ಮುಖದಿಂದ ಹೇಳಲಿ? ನಾನು ಬಿಟ್ಟ ಅಕ್ಕಿಯಿಂದ ಕಂಪ್ಲಿಯಲ್ಲಿ ಒಂದು ಗದ್ದೆಯ ನೀರಾದರೂ ಇಳಿಯಿತೆ, ಅಥವಾ ಆ ಚೀಲ ಬೆಂಗಳೂರಿನ ಇನ್ನೊಂದು ತಟ್ಟೆಗೆ ಸಾಗಿತೆ? ಹಾಗೆ ಸಾಗಿದ್ದರೆ, ನಾನು ಮಾಡಿದುದು ಭೂಮಿಯ ಸೇವೆಯೋ, ನನ್ನ ಮನಸ್ಸಮಾಧಾನವೋ?