ಸೋರುವ ಕೊಳವೆ

ನಾವು ಹಣ ತೆತ್ತು ಕೊಳ್ಳುವ ಪೆಟ್ರೋಲಿನ ಶಕ್ತಿಯಲ್ಲಿ ಹಳೆಯ ಕಾರಿನ ಚಕ್ರಗಳಿಗೆ ಮುಟ್ಟುವುದು ಹೆಚ್ಚೆಂದರೆ ಕಾಲುಭಾಗ. ಉಳಿದುದೆಲ್ಲ ಶಾಖವಾಗಿ ಹೋಗುತ್ತದೆ. ಅದರಲ್ಲಿ ಒಂದು ದೊಡ್ಡ ಪಾಲು ಹೊಗೆಕೊಳವೆಯ ಹಾದಿ ಹಿಡಿಯುತ್ತದೆ. ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ ಇನ್ನೊಂದು ಪಾಲು ಎಂಜಿನ್ನಿನ ಎರಕದ ಗೋಡೆಗಳೊಳಕ್ಕೆ ಇಳಿಯುತ್ತದೆ. ಈ ಎರಡನೆಯ ಪಾಲನ್ನು ಹೊತ್ತು ಹೊರಗೆ ಹಾಕುವ ಕೂಲಿಯಾಳೇ ನೀರು. ನೀರು ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುವವರೆಗೆ ಕಾರಿನ ಯಜಮಾನನಿಗೆ ಅದರ ನೆನಪೇ ಇರುವುದಿಲ್ಲ.

ಮೊದಲ ಮೋಟಾರು ಗಾಡಿಗಳಲ್ಲಿ ಹೀಗಿರಲಿಲ್ಲ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟು ಪಡೆದ ಮೂರು ಚಕ್ರದ ಬಂಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಹೋದಷ್ಟನ್ನು ಮತ್ತೆ ತುಂಬಬೇಕಾಗಿತ್ತು. 1888ರಲ್ಲಿ ಅವನ ಹೆಂಡತಿ ಬೆರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನವರೆಗೆ ಆ ಬಂಡಿಯನ್ನು ನಡೆಸಿಕೊಂಡು ಹೋದಾಗ, ದಾರಿಯುದ್ದಕ್ಕೂ ಎಂಜಿನ್ನಿಗೆ ನೀರು ಹುಡುಕುವುದೇ ಒಂದು ಕೆಲಸವಾಗಿತ್ತು. ಅದೇ ನೀರನ್ನು ತಣಿಸಿ ಮತ್ತೆ ಮತ್ತೆ ದುಡಿಸಿಕೊಳ್ಳುವ ಜೇನುಗೂಡಿನಂಥ ರೇಡಿಯೇಟರನ್ನು ವಿಲ್ಹೆಲ್ಮ್ ಮೈಬಾಖ್ ರೂಪಿಸಿದ ಮೇಲೆ, ಅಂದರೆ ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ, ಕಾರು ನೀರಿನ ಈ ಹಂಗಿನಿಂದ ಪಾರಾಯಿತು. ಪೂರ್ತಿಯಾಗಿ ಅಲ್ಲ, ಕೊಳವೆಗಳು ಗಟ್ಟಿಯಾಗಿರುವವರೆಗೆ ಮಾತ್ರ.

ವಿಜಯಪುರದಿಂದ ಮನಗೂಳಿಯನ್ನು ದಾಟಿ ನಿಡಗುಂದಿ, ಆಲಮಟ್ಟಿಗಳ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಗೊಳಸಂಗಿ ಇದೆ. ಚೈತ್ರ ವೈಶಾಖಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿಯನ್ನು ಸಲೀಸಾಗಿ ಮೀರುತ್ತದೆ. ಎರೆಹೊಲಗಳು ಬಾಯಿ ಬಿಟ್ಟಿರುತ್ತವೆ. ನೆರಳೆಂದರೆ ಅಲ್ಲೊಂದು ಇಲ್ಲೊಂದು ಬೇವು. ಸಮೀಪದ ಕೂಡಗಿಯಲ್ಲಿ, ಒಂದೊಂದೂ 800 ಮೆಗಾವ್ಯಾಟಿನ ಮೂರು ಘಟಕಗಳ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಅದೂ ತನ್ನ ಬಿಸಿಯನ್ನು ಕಳೆದುಕೊಳ್ಳಲು ಕೃಷ್ಣೆಯ ನೀರನ್ನೇ ಆಶ್ರಯಿಸಿದೆ. ಅಷ್ಟು ದೊಡ್ಡ ಯಂತ್ರಕ್ಕೂ ಬಾಡಿಗೆ ಹೊಡೆಯುವ ಒಂದು ಮುದಿ ಕಾರಿಗೂ ಬೇನೆ ಒಂದೇ.

ನಮ್ಮ ಸೀಮೆಯಲ್ಲಿ ಈ ಬೇನೆಗೆ ಇನ್ನೊಂದು ಕಾರಣ ಕೂಡಿಕೊಳ್ಳುತ್ತದೆ, ಅದು ನೀರಿನ ಗುಣ. ಕಪ್ಪುಕಲ್ಲಿನ ಪದರಗಳಿಂದ ಮೇಲೆ ಬರುವ ಕೊಳವೆಬಾವಿಯ ನೀರು ಹಲವೆಡೆ ಗಡುಸು; ಡೋಣಿ ಹೊಳೆಯ ಉಪ್ಪುನೀರಂತೂ ಜಿಲ್ಲೆಗೆಲ್ಲ ಗೊತ್ತಿದ್ದದ್ದೇ. ಬಚ್ಚಲ ಹಂಡೆಯ ಒಳಮೈಗೆ ಬಿಳಿಯ ಪೊರೆ ಕಟ್ಟುವುದನ್ನು ನೋಡದ ಗೃಹಿಣಿ ಇಲ್ಲಿ ಸಿಗಲಾರಳು. ನೀರಿನಲ್ಲಿ ಕರಗಿದ ಸುಣ್ಣದ ಅಂಶ ಕಾದಾಗ ಕಲ್ಲಾಗಿ ಕೂರುತ್ತದೆ. ಅದೇ ಪೊರೆ ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಕಟ್ಟುತ್ತದೆ, ಶಾಖವನ್ನು ಹೊರಗೆ ಹೋಗಗೊಡುವುದಿಲ್ಲ. ಉಪ್ಪಿನಂಶವು ಉಕ್ಕಿನ ಕೊಳವೆಯನ್ನು ಒಳಗಿನಿಂದ ತಿನ್ನತೊಡಗುತ್ತದೆ. ಹೊರಗೆ ಬಣ್ಣ ಮಾಸಿರುವುದಿಲ್ಲ. ಒಳಗೆ ಕಾಗದದಷ್ಟು ಲೋಹವೂ ಉಳಿದಿರುವುದಿಲ್ಲ.

ನಾನು ಕಂಡ ಕಾರಿನ ಸ್ಥಿತಿ ಇದೇ ಆಗಿತ್ತು. ತಯಾರಿಸಿದವರ ಹೆಸರು ಇಲ್ಲಿ ಬೇಡ. ಗಾಡಿಗೆ ಇಪ್ಪತ್ತೈದು ವರ್ಷ ಮೀರಿತ್ತೆಂದರೆ ಸಾಕು. ಅದರ ಯಜಮಾನರು ನಾಲ್ಕೆಕರೆ ಹೊಲದ ಒಕ್ಕಲಿಗರು. ಮಳೆ ಕೈಕೊಟ್ಟ ವರ್ಷ ಮನೆಯನ್ನು ನಡೆಸಿದ್ದು ಆ ಕಾರು. ಗೊಳಸಂಗಿಯ ರಸ್ತೆಬದಿಯ ತಗಡಿನ ಗ್ಯಾರೇಜಿನ ಮುಂದೆ ಅದನ್ನು ತಂದು ನಿಲ್ಲಿಸಿದಾಗ ಅಡಿಯಿಂದ ತುಕ್ಕುಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ಮರುದಿನ ಬೆಳಗಿನ ಜಾವ ಒಬ್ಬ ರೋಗಿಯನ್ನು ವಿಜಯಪುರದ ಆಸ್ಪತ್ರೆಗೆ ಮುಟ್ಟಿಸುವ ಮಾತು ಕೊಟ್ಟಿದ್ದರು.

ಮಿಸ್ತ್ರಿ ಮೂವತ್ತರ ಹುಡುಗ. ಬಾನೆಟ್ಟನ್ನು ಎತ್ತಿದ, ಮುಚ್ಚಳವನ್ನು ಮಾತ್ರ ಮುಟ್ಟಲಿಲ್ಲ. ಇದು ಸಣ್ಣ ಸಂಗತಿಯಲ್ಲ. ನಮ್ಮ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳದಲ್ಲಿರುವ ಸ್ಪ್ರಿಂಗು ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದ, ಅಲ್ಲಿಯ ನೀರು 110 ಡಿಗ್ರಿ ಕಾದರೂ ನೀರಾಗಿಯೇ ಇರಬಲ್ಲುದು. ಬಿಸಿಯಿರುವಾಗ ಆ ಮುಚ್ಚಳವನ್ನು ತಿರುವಿದೊಡನೆ ಒತ್ತಡ ಬಿಡುಗಡೆಯಾಗಿ, ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹೀಗೆ ಸುಟ್ಟುಕೊಂಡವರು ಎಷ್ಟೋ ಮಂದಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದು ಅದರ ಎರಕವನ್ನೇ ಸೀಳಿಕೊಂಡವರೂ ಇದ್ದಾರೆ.

ಈ ಒತ್ತಡದ ಮಾತು ಬಂದಾಗಲೆಲ್ಲ ನನಗೆ ಹಳೆಯ ವಿಜಾಪುರದ ನೀರಿನ ವ್ಯವಸ್ಥೆ ನೆನಪಾಗುತ್ತದೆ. ಆದಿಲಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದಲೂ, 1651ರಲ್ಲಿ ಮುಹಮ್ಮದ್ ಆದಿಲಶಹ ಕಟ್ಟಿಸಿದ ಬೇಗಂ ತಲಾಬಿನಿಂದಲೂ ಊರಿಗೆ ನೀರು ಬರುತ್ತಿತ್ತು. ನೆಲದೊಳಗೆ ಮಣ್ಣಿನ ಕೊಳವೆಗಳು. ನಡುನಡುವೆ ಗಂಜ್ ಎಂದು ಕರೆಯುವ ಗೋಪುರಗಳು. ನೀರು ಗಂಜಿನಲ್ಲಿ ಮೇಲೇರಿ, ತನ್ನ ಒತ್ತಡವನ್ನು ಅಲ್ಲಿ ಇಳಿಸಿ, ಕೆಸರನ್ನೂ ಬಿಟ್ಟು ಮುಂದೆ ಹೋಗುತ್ತಿತ್ತು. ಇಲ್ಲದಿದ್ದರೆ ಮಣ್ಣಿನ ಕೊಳವೆ ತಾಳುತ್ತಿರಲಿಲ್ಲ. ಗೋಳಗುಮ್ಮಟಕ್ಕೆ ಬರುವ ಪ್ರವಾಸಿಗಳಲ್ಲಿ ಗಂಜುಗಳನ್ನು ಹುಡುಕಿ ನೋಡುವವರು ಕಡಿಮೆ. ನನಗಂತೂ ಪಿಸುಗುಟ್ಟುವ ಗ್ಯಾಲರಿಗಿಂತ ಅವುಗಳ ಮೇಲೆಯೇ ಗೌರವ ಹೆಚ್ಚು.

ಒತ್ತಡವಿರುವುದರಿಂದಲೇ ಸೋರಿಕೆಯನ್ನು ಪತ್ತೆ ಮಾಡುವುದೂ ಕಷ್ಟ. ತಣ್ಣಗಿರುವಾಗ ಎಲ್ಲವೂ ಒಣಗಿರುತ್ತದೆ. ಬಿಸಿಯೇರಿ ಒತ್ತಡ ಹುಟ್ಟಿದ ಮೇಲೆ ಸೂಜಿಮೊನೆಯಷ್ಟು ತೂತಿನಿಂದ ನೀರು ಹೊರಡುತ್ತದೆ. ಗಾಳಿಗೆ ಹಿಂದಕ್ಕೆ ಹರಿದು ಬೇರೆಲ್ಲಿಯೋ ತೊಟ್ಟಿಕ್ಕುತ್ತದೆ. ಮಿಸ್ತ್ರಿ ಒಂದು ತಾಸು ಕಾದು, ಬ್ಯಾಟರಿಯ ಬೆಳಕಿನಲ್ಲಿ ಕಲೆಯ ಜಾಡು ಹಿಡಿದು ಮೇಲಕ್ಕೆ ನೋಡುತ್ತ ಹೋದ. ಎಂಜಿನ್ನಿನ ಪಕ್ಕಕ್ಕೆ ಒತ್ತಿಕೊಂಡು ವಾಟರ್ ಪಂಪಿಗೆ ಸೇರುವ ಉಕ್ಕಿನ ಕೊಳವೆಯಲ್ಲಿತ್ತು ರೋಗ.

"ತಮ್ಮಾ, ಟ್ಯೂಬಿನ ರಬ್ಬರ್ ಸುತ್ತಿ ಒಂದಿನಾ ದಾಟಸಾಕ ಬರತೈತೇನೊ?" ಎಂದರು ಯಜಮಾನರು.

"ದಾಟಸಬಹುದ್ರೀ ಕಾಕಾ. ಹಾದ್ಯಾಗ ಒಡದು ಹೆಡ್ ಬಾಗಿತಂದ್ರ ಏನ ಮಾಡ್ತೀರಿ? ಒಳಗ ಪೇಷಂಟ್ ಇರ್ತಾರ."

ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಫೋನು ತೆಗೆದು, ಬೆಳಗಿನ ಬಾಡಿಗೆಯನ್ನು ತಮ್ಮ ಎದುರಾಳಿಯೇ ಆದ ಇನ್ನೊಬ್ಬ ಗಾಡಿಯವನಿಗೆ ಒಪ್ಪಿಸಿದರು. ನೀರಿಲ್ಲದ ಎಂಜಿನ್ನು ಕೆಲವೇ ನಿಮಿಷಗಳಲ್ಲಿ ಎಷ್ಟು ಕಾಯುತ್ತದೆಯೆಂದರೆ, ಸಿಲಿಂಡರಿನ ತಲೆ ಬಾಗಿ, ಗ್ಯಾಸ್ಕೆಟ್ಟು ಸುಟ್ಟು, ಪಿಸ್ಟನ್ನು ಹಿಡಿದುಕೊಳ್ಳಬಹುದು. ಅಂಥ ರಿಪೇರಿಯ ಖರ್ಚು ಎಷ್ಟೋ ಸಲ ಹಳೆಯ ಕಾರಿನ ಬೆಲೆಯನ್ನೇ ಮೀರುತ್ತದೆ. ಎಷ್ಟೋ ಹಳೆಯ ಕಾರುಗಳು ಗುಜರಿಗೆ ಹೋಗುವುದು ಹೀಗೆಯೇ.

ಕೊಳವೆ ವಿಜಯಪುರದಿಂದ ಬಸ್ಸಿನಲ್ಲಿ ಬಂತು. ಅದನ್ನು ಬದಲಿಸುವ ಕೆಲಸ ಹೇಳಲು ಸಣ್ಣದು. ಮಾಡುವಾಗ ಹೆಜ್ಜೆಹೆಜ್ಜೆಗೂ ತಾಳ್ಮೆ ಬೇಡುತ್ತದೆ. ಮೊದಲು ರೇಡಿಯೇಟರಿನ ಅಡಿಯ ತಿರುಪನ್ನು ಬಿಚ್ಚಿ ದ್ರವವನ್ನೆಲ್ಲ ಒಂದು ಬುಟ್ಟಿಗೆ ಇಳಿಸಿಕೊಂಡ. ಅದನ್ನು ಮೋರಿಗೆ ಚೆಲ್ಲಗೊಡಲಿಲ್ಲ. ಕೂಲೆಂಟಿನಲ್ಲಿರುವ ಗ್ಲೈಕಾಲಿಗೆ ಸಿಹಿ ರುಚಿಯುಂಟು. ನಾಯಿಯೋ ಕರುವೋ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಆಮೇಲೆ ರಬ್ಬರಿನ ಹೋಸ್. ವರ್ಷಗಟ್ಟಲೆ ಕಾದ ರಬ್ಬರು ಲೋಹಕ್ಕೆ ಅಂಟಿಕೊಂಡು ಬಿಡುತ್ತದೆ. ಸ್ಕ್ರೂ ಡ್ರೈವರಿನಿಂದ ಮೀಟಿದರೆ ರೇಡಿಯೇಟರಿನ ಕತ್ತು ಮುರಿಯುವ ಭಯ. ಆದ್ದರಿಂದ ಹೋಸನ್ನೇ ಉದ್ದಕ್ಕೆ ಸೀಳಿ ತೆಗೆದ. ಹೇಗೂ ಹೊಸ ಕೊಳವೆಗೆ ಹಳೆಯ ಹೋಸ್ ಹಾಕುವುದು ಜಾಣತನವಲ್ಲ.

ನಿಜವಾದ ಪರೀಕ್ಷೆ ಕೊಳವೆಯನ್ನು ಹಿಡಿದಿದ್ದ ಎರಡು ಬೋಲ್ಟುಗಳದ್ದು. ತುಕ್ಕು ಹಿಡಿದ ಬೋಲ್ಟು ಬಲಕ್ಕೆ ಬಗ್ಗುವುದಿಲ್ಲ, ಮುರಿಯುತ್ತದೆ. ಮುರಿದ ಬುಡ ಎಂಜಿನ್ನಿನ ಒಳಗೇ ಉಳಿದರೆ ಅರ್ಧ ದಿನದ ಕೆಲಸ ಮೂರು ದಿನದ್ದಾಗುತ್ತದೆ. ಹುಡುಗ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಚಹಾ ಕುಡಿದು ಬಂದು, ಬೋಲ್ಟಿನ ತಲೆಯನ್ನು ಮೆಲ್ಲಗೆ ತಟ್ಟಿ, ಪಾನಾ ಹಾಕಿ ಕಾಲು ಸುತ್ತು ಬಿಚ್ಚಿದ, ಮತ್ತೆ ತುಸು ಬಿಗಿದ, ಮತ್ತೆ ಬಿಚ್ಚಿದ. ಬಂದಷ್ಟಕ್ಕೇ ಎಳೆಯದೆ ಹಿಂದುಮುಂದು ಆಡಿಸಿದ್ದರಿಂದ ತುಕ್ಕಿನ ಪುಡಿ ಎಳೆಗಳಿಂದ ಉದುರಿತು. ಎರಡೂ ಇಡಿಯಾಗಿ ಬಂದವು. ಈ ಗತಿಯನ್ನು ಯಾವ ಕೈಪಿಡಿಯೂ ಅವನಿಗೆ ಕಲಿಸಿರಲಾರದು.

ಪಂಪಿನ ಬಾಯಿಗೆ ಕೂಡುವ ತುದಿಯಲ್ಲಿ ಬೆರಳುಂಗುರದಂಥ ರಬ್ಬರಿನ ಓ-ರಿಂಗ್ ಇರುತ್ತದೆ. ಹಳೆಯದು ಕಲ್ಲಾಗಿ ಅಲ್ಲಿಯೇ ಕಚ್ಚಿಕೊಂಡಿತ್ತು. ಅದನ್ನು ತೆಗೆದು, ಕೂರುವ ಜಾಗವನ್ನು ಬೆರಳಿಗೆ ನುಣುಪು ಹತ್ತುವವರೆಗೆ ಒರೆಸಿ, ಹೊಸ ಉಂಗುರಕ್ಕೆ ಸಾಬೂನಿನ ನೀರು ಸವರಿ ತಳ್ಳಿದ. ಗ್ರೀಸು ಹಚ್ಚುವವರಿದ್ದಾರೆ, ಖನಿಜದೆಣ್ಣೆಗೆ ಈ ಬಗೆಯ ರಬ್ಬರು ಉಬ್ಬಿ ಕೆಡುತ್ತದೆ. ಕೊಳವೆ ಪಂಪಿನಲ್ಲಿ ಪೂರ್ತಿ ಕುಳಿತ ಮೇಲೆಯೇ ಬೋಲ್ಟುಗಳನ್ನು ಬಿಗಿದ. ಮೊದಲೇ ಬಿಗಿದರೆ ಕೊಳವೆ ಓರೆಯಾಗಿ ಕೂತು ಉಂಗುರವನ್ನು ಹಿಂಡುತ್ತದೆ.

ತುಂಬುವಾಗ ಯಜಮಾನರು ಕೊಡ ಹಿಡಿದು ಬೋರಿಂಗಿನ ಕಡೆಗೆ ಹೊರಟಿದ್ದರು. ಹುಡುಗ ತಡೆದ. ಡಿಸ್ಟಿಲ್ಡ್ ವಾಟರಿಗೆ ಸಮಪಾಲು ಕೂಲೆಂಟ್ ಬೆರೆಸಿ ಹಾಕಬೇಕು. ನಮ್ಮ ನಾಡಿನಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲವಲ್ಲ, ಈ ಖರ್ಚೇಕೆ ಎಂದು ಕೇಳುವವರುಂಟು. ಅದರಲ್ಲಿರುವ ತುಕ್ಕುನಿರೋಧಕವೇ ನಮಗೆ ಬೇಕಾದದ್ದು. ಕುದಿಯುವ ಮಟ್ಟ ಮೇಲೇರುವುದು ಇನ್ನೊಂದು ಲಾಭ. ಹಾಗೆಂದು ಬರೀ ಕೂಲೆಂಟನ್ನೇ ತುಂಬುವುದೂ ತಪ್ಪು; ಶಾಖವನ್ನು ಹೊರುವುದರಲ್ಲಿ ಅದು ನೀರಿಗೆ ಸಮನಲ್ಲ.

ಈ ಕಾರಿನಲ್ಲಿ ಥರ್ಮೋಸ್ಟಾಟ್ ಇರಲಿಲ್ಲ. ಹಿಂದೆ ಯಾರೋ ಕಿತ್ತಿದ್ದರು. ಬಿಸಿಲುಸೀಮೆಯಲ್ಲಿ ಅದು ಬೇಡವೆಂಬ ನಂಬಿಕೆ ಅಂಬಾಸಡರ್, ಪದ್ಮಿನಿ ಕಾರುಗಳ ಕಾಲದಿಂದಲೂ ಬಂದದ್ದು. ನಾನು ಇದನ್ನು ಒಪ್ಪುವುದಿಲ್ಲ. ಸುಮಾರು 82 ಡಿಗ್ರಿಗೆ ತೆರೆದುಕೊಳ್ಳುವ ಈ ಪುಟ್ಟ ಬಾಗಿಲು ಎಂಜಿನ್ನನ್ನು ಬೇಗ ಹದಕ್ಕೆ ತರುತ್ತದೆ. ಅದಿಲ್ಲದೆ ಎಂಜಿನ್ನು ಬಹಳ ಹೊತ್ತು ಹದಕ್ಕಿಂತ ತಣ್ಣಗೆ ಓಡಿ ಪೆಟ್ರೋಲನ್ನು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಹುಡುಗನದೂ ಅದೇ ಅಭಿಪ್ರಾಯ, ಹೊಸದನ್ನು ಕೂರಿಸಿದ.

ಮುಚ್ಚಳ ತೆರೆದಿಟ್ಟು, ಹೀಟರಿನ ಗುಂಡಿಯನ್ನು ಬಿಸಿಗೆ ತಿರುವಿ ಎಂಜಿನ್ನು ಚಾಲು ಮಾಡಿದಾಗ ಗುಳುಗುಳು ಸದ್ದಿನೊಡನೆ ಗಾಳಿಯ ಗುಳ್ಳೆಗಳು ಮೇಲೆ ಬಂದವು. ಗಾಳಿ ಒಳಗೆ ಸಿಕ್ಕಿಕೊಂಡರೆ ನೀರಿದ್ದೂ ಎಂಜಿನ್ನು ಕಾಯುತ್ತದೆ. ಮಟ್ಟ ಇಳಿದಂತೆಲ್ಲ ತುಂಬುತ್ತ ಹೋದ. ಮೇಲಿನ ಹೋಸ್ ತಟ್ಟನೆ ಬಿಸಿಯಾಯಿತು; ಬಾಗಿಲು ತೆರೆದಿತ್ತು. ಆಗ ಮುಚ್ಚಳ ಹಾಕಿ, ಕಾರನ್ನು ನಿಡಗುಂದಿಯವರೆಗೆ ಓಡಿಸಿ ತಂದು, ಕೊಳವೆಯ ಕೆಳಗೆ ಹಳೆಯ ರಟ್ಟೊಂದನ್ನು ಹಾಸಿ ರಾತ್ರಿಯಿಡೀ ನಿಲ್ಲಿಸಿದರು. ಬೆಳಗ್ಗೆ ರಟ್ಟು ಒಣಗಿಯೇ ಇತ್ತು. ತಣ್ಣಗಾದ ಎಂಜಿನ್ನಿನಲ್ಲಿ ದ್ರವ ಬೆರಳಿನಷ್ಟು ಇಳಿದಿತ್ತು. ಅಷ್ಟನ್ನು ತುಂಬಿ, ಕ್ಲಿಪ್ಪುಗಳನ್ನು ಇನ್ನೊಮ್ಮೆ ಅರ್ಧ ಸುತ್ತು ಬಿಗಿದು, ವಾರ ಬಿಟ್ಟು ಮತ್ತೆ ತೋರಿಸಬೇಕೆಂದು ಹುಡುಗ ಹೇಳಿದ.