ಹಳೆಯ ಜೀಪಿಗೆ ಬೇರೊಂದು ಎಂಜಿನು

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ಇಂಥ ಸಮಾರಂಭಗಳಲ್ಲಿ ಮಾತನಾಡುವವರು ವಿದ್ಯೆಯ ಮಹಿಮೆಯನ್ನೋ ದೇಶಸೇವೆಯ ಹಿರಿಮೆಯನ್ನೋ ವಿಷಯವಾಗಿ ಆರಿಸಿಕೊಳ್ಳುವುದು ವಾಡಿಕೆ. ನಾವು ಇಂದು ತಂದಿರುವುದು ಎಣ್ಣೆ ಮೆತ್ತಿದ ಕೈಗಳ ಒಂದು ಸಣ್ಣ ಕಥೆ. ನಾವು ನಾಲ್ವರು ಗೆಳೆಯರು ಸೇರಿ ಒಂದು ಹಳೆಯ ಜೀಪಿನ ಪೆಟ್ರೋಲ್ ಎಂಜಿನನ್ನು ತೆಗೆದು ಅದರ ಸ್ಥಾನದಲ್ಲಿ ಡೀಸೆಲ್ ಎಂಜಿನನ್ನು ಕೂಡಿಸಿದ ಸಂಗತಿ ಇದು. ನಮ್ಮಲ್ಲಿ ಯಾರೂ ಎಂಜಿನಿಯರರಲ್ಲ. ನಾಲ್ವರೂ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವರು. ನಮ್ಮ ಮಾತಿನಲ್ಲಿ ಗೆದ್ದ ಸಂಗತಿಗಿಂತ ತಪ್ಪಿದ ಸಂಗತಿಯೇ ಹೆಚ್ಚಾಗಿ ಬಂದರೆ ತಾವು ಮನ್ನಿಸಬೇಕು.

1994ನೆಯ ಇಸವಿಯ ದೀಪಾವಳಿಯ ಸಮಯ. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಗೆಳೆಯನೊಬ್ಬನ ಮನೆಯ ಮುಂದಿನ ಬೇವಿನ ಮರದ ಕೆಳಗೆ ಒಂದು ಜೀಪು ಮೂರು ವರ್ಷಗಳಿಂದ ನಿಂತೇ ಇತ್ತು. ಕೋಳಿಗಳು ಅದರ ಹಿಂಬದಿಯಲ್ಲಿ ಮೊಟ್ಟೆಯಿಡುತ್ತಿದ್ದವು. ಗಾಡಿ ಕೆಟ್ಟಿತ್ತೆನ್ನುವುದಕ್ಕಿಂತ, ಅದಕ್ಕೆ ಪೆಟ್ರೋಲ್ ಹಾಕುವ ಶಕ್ತಿ ಮನೆಯವರಿಗೆ ಉಳಿದಿರಲಿಲ್ಲ ಎನ್ನುವುದೇ ಸರಿ. ಆ ಕಾಲದಲ್ಲಿ ಪೆಟ್ರೋಲಿಗಿಂತ ಡೀಸೆಲ್ಲಿನ ಬೆಲೆ ಬಹಳ ಕಡಿಮೆಯಿತ್ತು. ಊರಿಗೆ ಬೇರೆ ವಾಹನವಿರಲಿಲ್ಲ. ರಾತ್ರಿಯ ಹೊತ್ತು ಯಾರಿಗಾದರೂ ಬೇನೆ ಬಂದರೆ ಎತ್ತಿನ ಗಾಡಿಯೇ ಗತಿ. ಗೆಳೆಯನ ತಾಯಿಯವರು ನಮ್ಮನ್ನು ಕಂಡು, "ನಾಲ್ಕ ಮಂದಿ ಗಂಡಸರದೀರಿ, ಇದನ್ನ ಎಬ್ಬಿಸಾಕ ಆಗೂದಿಲ್ಲೇನ್ರಪ್ಪ?" ಎಂದರು. ಬರುವ ಸಂಕ್ರಾಂತಿಗೆ, ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ ನಡೆಯುವ ವೇಳೆಗೆ, ಜೀಪನ್ನು ಎಬ್ಬಿಸಿಕೊಡುತ್ತೇವೆಂದು ನಾವು ಮಾತು ಕೊಟ್ಟುಬಿಟ್ಟೆವು. ಕೊಟ್ಟ ಮಾತಿನ ಭಾರ ನಮಗೆ ತಿಳಿದದ್ದು ಆಮೇಲೆ.

ಎಂಜಿನನ್ನು ಬದಲಿಸುವುದೆಂದರೆ ಹಳೆಯ ದೀಪವನ್ನು ತೆಗೆದು ಹೊಸದನ್ನು ಇಟ್ಟಂತಲ್ಲ. ಎರಡು ಎಂಜಿನುಗಳ ಸ್ವಭಾವವೇ ಬೇರೆ. ಪೆಟ್ರೋಲ್ ಎಂಜಿನು ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಬೆರೆಸಿ ಒತ್ತಿ, ವಿದ್ಯುತ್ತಿನ ಕಿಡಿಯಿಂದ ಹೊತ್ತಿಸುತ್ತದೆ. ಡೀಸೆಲ್ ಎಂಜಿನಿಗೆ ಕಿಡಿ ಬೇಡ. ಅದು ಬರಿಯ ಗಾಳಿಯನ್ನೇ ಬಹಳವಾಗಿ ಒತ್ತುತ್ತದೆ. ಆ ಒತ್ತಡದಿಂದಲೇ ಗಾಳಿ ಬೆಂಕಿಯಂತೆ ಕಾಯುತ್ತದೆ. ಆಗ ಚಿಮ್ಮಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಕೆಳಭಾಗ ಬಿಸಿಯಾಗುವುದನ್ನು ನೀವೆಲ್ಲ ಮುಟ್ಟಿ ನೋಡಿದ್ದೀರಿ. ಅದೇ ತತ್ತ್ವ ಇಲ್ಲಿಯೂ ಇದೆ.

ಜೀಪಿನೊಳಗೆ ಇದ್ದದ್ದು ಹರಿಕೇನ್ ಎಂಬ ಹೆಸರಿನ, ನಾಲ್ಕು ಸಿಲಿಂಡರಿನ, 2199 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನು. ನಾವು ಹುಡುಕಿ ತಂದದ್ದು ಫ್ರಾನ್ಸಿನ ಪ್ಯೂಜೋ ಮನೆತನದ ಎಕ್ಸ್.ಡಿ.ಪಿ. 4.90 ಎಂಬ ಡೀಸೆಲ್ ಎಂಜಿನು. ಮಹೀಂದ್ರ ಕಂಪನಿಯ ಡೀಸೆಲ್ ಜೀಪುಗಳಲ್ಲಿ ಅದು ಬಳಕೆಯಲ್ಲಿತ್ತು. ಆ ಹೆಸರಿನಲ್ಲಿಯೇ ಒಂದು ಪಾಠವಿದೆ: 4 ಎಂದರೆ ಸಿಲಿಂಡರುಗಳ ಸಂಖ್ಯೆ, 90 ಎಂದರೆ ಸಿಲಿಂಡರಿನ ಒಳವ್ಯಾಸ, ಮಿಲಿಮೀಟರುಗಳಲ್ಲಿ. ಪಿಸ್ಟನ್ ಮೇಲಿಂದ ಕೆಳಗೆ ಚಲಿಸುವ ದೂರ 83 ಮಿಲಿಮೀಟರು. ವಿದ್ಯಾರ್ಥಿಗಳೆ, ವರ್ತುಲದ ಕ್ಷೇತ್ರಫಲದ ಸೂತ್ರವನ್ನು ಇಲ್ಲಿ ಹಚ್ಚಿ ನೋಡಿರಿ. ತ್ರಿಜ್ಯ 4.5 ಸೆಂಟಿಮೀಟರು, ಕ್ಷೇತ್ರಫಲ ಸುಮಾರು 63.6 ಚದರ ಸೆಂಟಿಮೀಟರು, 8.3ರಿಂದ ಗುಣಿಸಿದರೆ ಒಂದು ಸಿಲಿಂಡರಿಗೆ 528; ನಾಲ್ಕಕ್ಕೆ 2112 ಘನ ಸೆಂಟಿಮೀಟರು. ಪುಸ್ತಕದ ಸೂತ್ರ ಕಬ್ಬಿಣದಲ್ಲಿ ಹೀಗೆ ಕುಳಿತಿರುತ್ತದೆ. ಹಳೆಯ ಎಂಜಿನು ಗಾಳಿಯನ್ನು ಸುಮಾರು ಏಳು ಪಾಲಿನಿಂದ ಒಂದು ಪಾಲಿಗೆ ಒತ್ತಿದರೆ, ಈ ಎಂಜಿನು ಇಪ್ಪತ್ತಕ್ಕಿಂತ ಹೆಚ್ಚು ಪಾಲಿನಿಂದ ಒಂದಕ್ಕೆ ಒತ್ತುತ್ತದೆ. ಆದುದರಿಂದಲೇ ಅದರ ಸದ್ದು ದೊಡ್ಡದು, ನಡುಕ ಹೆಚ್ಚು.

ನಮಗೆ ದಾರಿ ತೋರಿಸಿದವರು ಸೊಲ್ಲಾಪುರದ ಬಟ್ಟೆಯ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾಗಿದ್ದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಅವರು ಮೊದಲ ದಿನ ಪಾನಾ ಮುಟ್ಟಲು ಬಿಡಲಿಲ್ಲ. ಅಳತೆಪಟ್ಟಿಯನ್ನು ಕೈಗೆ ಕೊಟ್ಟರು. ಎಂಜಿನಿನ ಉದ್ದವೆಷ್ಟು, ಕೆಳಗಿನ ಎಣ್ಣೆಯ ತೊಟ್ಟಿಗೂ ಮುಂದಿನ ಅಚ್ಚಿಗೂ ನಡುವೆ ಎಷ್ಟು ಎಡೆ ಉಳಿಯುತ್ತದೆ, ಭಾರ ಎಲ್ಲಿ ಕೂಡುತ್ತದೆ ಎಂಬುದನ್ನೆಲ್ಲ ಬರೆದುಕೊಳ್ಳುವುದರಲ್ಲಿಯೇ ಎರಡು ದಿನ ಕಳೆದವು. ನಮಗೆ ಬೇಸರವಾಯಿತು. ಆಗ ಅವರು ಹೇಳಿದ ಉಪಮಾನ ಇನ್ನೂ ನೆನಪಿದೆ. ಜಾತ್ರೆಯಲ್ಲಿ ನಂದಿಕೋಲನ್ನು ಹೊರುವವನು ಬರಿಯ ತೋಳಿನ ಬಲದಿಂದ ಹೊರುವುದಿಲ್ಲ. ಭಾರ ಎಲ್ಲಿ ನಿಲ್ಲುತ್ತದೆಂಬುದನ್ನು ಅರಿತು ಹೊರುತ್ತಾನೆ. ಅರಿಯದವನ ಕೈಯಲ್ಲಿ ಅದು ವಾಲುತ್ತದೆ. ಎಂಜಿನಿನ ಮಾತೂ ಹಾಗೆಯೇ.

ಎಲ್ಲಕ್ಕಿಂತ ಕಠಿಣವಾದುದು ಹೊಸ ಎಂಜಿನನ್ನು ಹಳೆಯ ಗೇರ್‌ಬಾಕ್ಸಿಗೆ ಜೋಡಿಸುವ ಕೆಲಸ. ಒಂದರ ಬೋಲ್ಟುಗಳ ರಂಧ್ರಗಳು ಇನ್ನೊಂದಕ್ಕೆ ಹೊಂದುವುದಿಲ್ಲ. ನಡುವೆ ಒಂದು ದಪ್ಪ ಕಬ್ಬಿಣದ ತಟ್ಟೆಯನ್ನು ಮಾಡಿಸಿ, ಅದರ ಒಂದು ಮೈಯನ್ನು ಎಂಜಿನಿಗೂ ಇನ್ನೊಂದನ್ನು ಗೇರ್‌ಬಾಕ್ಸಿಗೂ ಬಿಗಿಯಬೇಕು. ಎರಡರ ನಡುಗೆರೆ ಒಂದೇ ಆಗಿರಬೇಕು. ಕೂದಲೆಳೆಯಷ್ಟು ಓರೆಯಾದರೂ ಕ್ಲಚ್ಚು ಅದುರುತ್ತದೆ, ಬೇರಿಂಗು ಸವೆಯುತ್ತದೆ. ಲೇತಿನ ಮೇಲೆ ಮಾಡಿಸಿದ ಮೊದಲನೆಯ ತಟ್ಟೆ ನಮ್ಮ ಅವಸರದ ಅಳತೆಯಿಂದಲೇ ಹಾಳಾಯಿತು. ಖರ್ಚು ಮಾಡಿದ ಹಣವೂ ಹೋಯಿತು. ಲೇತಿನವರದು ತಪ್ಪಿರಲಿಲ್ಲ, ಅವರು ನಾವು ಬರೆದುಕೊಟ್ಟದ್ದನ್ನೇ ಕೊರೆದಿದ್ದರು. ಎರಡನೆಯ ಸಲ ಮೂರು ಬಾರಿ ಅಳೆದೆವು, ಒಂದು ಬಾರಿ ಕೊರೆಯಿಸಿದೆವು.

ಡಿಸೆಂಬರಿನ ಕೊನೆಯ ವಾರ ಎಂಜಿನು ತನ್ನ ಸ್ಥಾನದಲ್ಲಿ ಕುಳಿತಿತು. ಬ್ಯಾಟರಿ ಹಚ್ಚಿದೆವು, ಡೀಸೆಲ್ ತುಂಬಿದೆವು, ತೆಂಗಿನಕಾಯಿ ಒಡೆದೆವು. ಎಂಜಿನು ಗರಗರ ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಡೀಸೆಲ್ ಎಂಜಿನಿನ ಕೊಳವೆಗಳಲ್ಲಿ ಗಾಳಿ ಸೇರಿದರೆ ಎಣ್ಣೆ ಚಿಮ್ಮುವುದಿಲ್ಲ. ಗಾಳಿ ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಆದುದರಿಂದ ಫಿಲ್ಟರಿನ ಮೇಲಿನ ತಿರುಪನ್ನು ಸಡಲಿಸಿ, ಕೈಪಂಪನ್ನು ಒತ್ತಿ ಗಾಳಿಯನ್ನು ಹೊರಹಾಕಬೇಕು. ನಾವು ಒತ್ತಿದಷ್ಟೂ ಗುಳ್ಳೆಗಳು ಬರುತ್ತಲೇ ಇದ್ದವು. ಎಲ್ಲಿಯೋ ಸೋರುತ್ತಿದೆಯೆಂದು ಎರಡು ದಿನ ದೀಪ ಹಿಡಿದು ಹುಡುಕಿದೆವು. ಒಂದು ಹನಿಯೂ ಕಾಣಲಿಲ್ಲ. ಸಂಕ್ರಾಂತಿ ಹತ್ತಿರ ಬರುತ್ತಿತ್ತು. ನಮ್ಮ ನಮ್ಮಲ್ಲಿಯೇ ಬಿರುಸು ಮಾತುಗಳು ಹುಟ್ಟಿದವು.

ಪಕ್ಕದ ಮನೆಯ ಎಂಟನೆಯ ತರಗತಿಯ ಹುಡುಗನೊಬ್ಬ ಶಾಲೆ ಬಿಟ್ಟೊಡನೆ ನಮ್ಮಲ್ಲಿಗೆ ಬಂದು ನಿಲ್ಲುತ್ತಿದ್ದ. ಅವನು ಮೆಲ್ಲಗೆ ಕೇಳಿದ: "ಕಾಕಾ, ಎಣ್ಣಿ ಹೊರಗ ಬರಲಿಲ್ಲಂದ್ರ ಗಾಳಿ ಒಳಗ ಹೋಗಬಾರದೇನ್ರಿ?" ನಾವು ನಕ್ಕೆವು. ಕಾಕಾ ನಗಲಿಲ್ಲ. "ಯಾಕ ಹಂಗ ಅಂತಿ, ತಮ್ಮಾ?" ಎಂದು ಕೇಳಿದರು. ಬಿರುಕು ಬಿಟ್ಟ ಕೊಳವೆಯಿಂದ ಎಳನೀರು ಹೀರಿದರೆ ನೀರು ಹೊರಗೆ ಸೋರುವುದಿಲ್ಲ, ಬಾಯಿಗೆ ಗಾಳಿಯೇ ಬರುತ್ತದೆ ಎಂದು ಅವನು ವಿವರಿಸಿದ. ಗಾಳಿಯ ಒತ್ತಡದ ಪಾಠವನ್ನು ಅವನಿಗೆ ಗುರುಗಳು ಕನ್ನಡದಲ್ಲಿ ಕಲಿಸಿದ್ದರು. ಅದು ಅವನ ಬುದ್ಧಿಯಲ್ಲಿ ಎಳನೀರಿನ ಕೊಳವೆಯಾಗಿ ಉಳಿದಿತ್ತು.

ಎಣ್ಣೆಯ ಟ್ಯಾಂಕು ಕೆಳಗೆ, ಪಂಪು ಮೇಲೆ. ನಡುವಿನ ಕೊಳವೆಯಲ್ಲಿ ಎಣ್ಣೆಯನ್ನು ಒತ್ತುವುದಿಲ್ಲ, ಹೀರುತ್ತದೆ. ಅಲ್ಲಿ ರಂಧ್ರವಿದ್ದರೆ ಎಣ್ಣೆ ಹೊರಬರುವ ಬದಲು ಗಾಳಿ ಒಳನುಗ್ಗುತ್ತದೆ. ಕಾಕಾ ಒಂದು ಡಬ್ಬಿಯಲ್ಲಿ ಡೀಸೆಲ್ ತುಂಬಿ ಎತ್ತರದಲ್ಲಿ ತೂಗುಹಾಕಿ, ಬೇರೆ ಕೊಳವೆಯಿಂದ ನೇರವಾಗಿ ಪಂಪಿಗೆ ಕೊಟ್ಟರು. ಗುಳ್ಳೆಗಳು ನಿಂತವು. ದೋಷ ಹಳೆಯ ಕೊಳವೆಯಲ್ಲಿಯೇ ಇದೆಯೆಂಬುದು ಸಿದ್ಧವಾಯಿತು. ಬಿಚ್ಚಿ ನೋಡಿದಾಗ ತಾಮ್ರದ ಕೊಳವೆಯ ತುದಿಯಲ್ಲಿ, ನಟ್ಟಿನ ಮರೆಯಲ್ಲಿ, ಕೂದಲೆಳೆಯಂಥ ಸೀಳು ಇತ್ತು. ಆ ಹುಡುಗನ ತಂದೆ ಅಲ್ಲಿಯೇ ನಿಂತಿದ್ದರು. ಕನ್ನಡ ಶಾಲೆಯಲ್ಲಿ ಓದಿದರೆ ಯಂತ್ರವಿದ್ಯೆ ಬಾರದೆಂದು ಆ ವರ್ಷವೇ ಮಗನನ್ನು ಶಾಲೆಯಿಂದ ಬಿಡಿಸುವ ವಿಚಾರದಲ್ಲಿದ್ದವರು ಅವರು. ಅಂದು ಅವರು ಏನೂ ಹೇಳಲಿಲ್ಲ. ಹುಡುಗ ಮಾತ್ರ ಅದೇ ಶಾಲೆಯಲ್ಲಿ ಮುಂದುವರಿದ.

ಇನ್ನು ನಮ್ಮ ದೊಡ್ಡ ತಪ್ಪನ್ನು ಹೇಳಬೇಕು. ಹೊಸ ಕೊಳವೆ ಹಾಕಿದ ಮೇಲೆ ಎಂಜಿನು ಮೊದಲನೆಯ ತಿರುವಿಗೇ ಹೊತ್ತಿಕೊಂಡಿತು. ನಾವು ಕುಣಿದೆವು. ಆದರೆ ಅದರ ವೇಗ ಏರುತ್ತಲೇ ಹೋಯಿತು. ಕೀಲಿಕೈ ತಿರುಗಿಸಿದೆವು, ನಿಲ್ಲಲಿಲ್ಲ. ಪೆಟ್ರೋಲ್ ಎಂಜಿನಿನ ಕಿಡಿ ಕೀಲಿಕೈಯಿಂದ ಆರುತ್ತದೆ. ಈ ಎಂಜಿನಿಗೆ ಕಿಡಿಯೇ ಇಲ್ಲ, ಎಣ್ಣೆಯನ್ನೇ ತಡೆಯಬೇಕು. ಎಣ್ಣೆಯನ್ನು ತಡೆಯುವ ತಂತಿಯನ್ನು ನಾಳೆ ಹಚ್ಚಿದರಾಯಿತೆಂದು ನಾವು ಬಿಟ್ಟಿದ್ದೆವು. ವೇಗದ ಸನ್ನೆ ಸಿಕ್ಕಿಹಾಕಿಕೊಂಡಿತ್ತು. ಎಂಜಿನು ಕಿರಿಚತೊಡಗಿತು. ನಮ್ಮಲ್ಲೊಬ್ಬನು ಗಾಳಿಯ ಬಾಯನ್ನು ಅಂಗೈಯಿಂದ ಮುಚ್ಚಲು ಮುನ್ನುಗ್ಗಿದ. ಕಾಕಾ ಅವನನ್ನು ಹಿಂದಕ್ಕೆ ತಳ್ಳಿ, ಕೈಗೆ ಸಿಕ್ಕ ಒಂದು ಹಲಗೆಯನ್ನು ಆ ಬಾಯಿಗೆ ಒತ್ತಿಹಿಡಿದರು. ಗಾಳಿಯಿಲ್ಲದೆ ಎಂಜಿನು ಉಸಿರುಕಟ್ಟಿ ನಿಂತಿತು. ಕೈಯನ್ನು ಇಟ್ಟಿದ್ದರೆ ಅದರ ಗತಿ ಏನಾಗುತ್ತಿತ್ತೆಂಬುದನ್ನು ನೆನೆದರೆ ಇಂದಿಗೂ ನಮ್ಮ ಮೈ ನಡುಗುತ್ತದೆ. ಆ ಹುಡುಗ ಆಗ ಎರಡು ಮಾರು ದೂರದಲ್ಲಿಯೇ ನಿಂತಿದ್ದ. ಕಾಕಾ ಬಹಳ ಹೊತ್ತಿನ ಮೇಲೆ, "ಓಡಸೂದು ಕಲತೀರಿ, ನಿಲ್ಲಸೂದು ಯಾವಾಗ ಕಲೀತೀರಿ?" ಎಂದಷ್ಟೇ ಕೇಳಿದರು. ನಾವು ತಲೆ ತಗ್ಗಿಸಿದೆವು.

ಮರುದಿನದಿಂದ ನಿಲ್ಲಿಸುವ ಕೆಲಸಕ್ಕೆ ಕೈಹಚ್ಚಿದೆವು. ಎಣ್ಣೆ ತಡೆಯುವ ತಂತಿ ಬಂತು. ಮೂರು ವರ್ಷ ನಿಂತು ತುಕ್ಕು ಹಿಡಿದಿದ್ದ ಬ್ರೇಕುಗಳನ್ನು ನಾಲ್ಕೂ ಗಾಲಿಗಳಲ್ಲಿ ಬಿಚ್ಚಿ, ಸಿಲಿಂಡರಿನ ರಬ್ಬರುಗಳನ್ನು ಹೊಸದಾಗಿ ಹಾಕಿದೆವು. ಸಾರಿಗೆ ಕಚೇರಿಯ ಒಪ್ಪಿಗೆಯನ್ನು ಪಡೆದು, ಹೊಸ ಎಂಜಿನಿನ ಸಂಖ್ಯೆಯನ್ನೂ ಇಂಧನದ ಹೆಸರನ್ನೂ ನೋಂದಣಿ ಪುಸ್ತಕದಲ್ಲಿ ಬರೆಯಿಸಿದೆವು. ಇವುಗಳಲ್ಲಿಯೇ ಸಂಕ್ರಾಂತಿ ಕಳೆದುಹೋಯಿತು. ಕೊಟ್ಟ ಮಾತು ತಪ್ಪಿತು. ಗೆಳೆಯನ ತಾಯಿಯವರ ಬಳಿಗೆ ಹೋಗಿ ತಪ್ಪೊಪ್ಪಿಕೊಂಡೆವು. ಅವರು ಎಳ್ಳುಬೆಲ್ಲವನ್ನು ಕೈಗಿಟ್ಟು, "ತಡಾ ಆದರ ಆಗಲಿ, ಗಟ್ಟಿ ಆಗಲಿ" ಎಂದರು.

1995ರ ಫೆಬ್ರುವರಿಯಲ್ಲಿ ಜೀಪು ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೊರಟಿತು. ಸುಮಾರು 40 ಕಿಲೋಮೀಟರಿನ ದಾರಿ. ಕುಂಭಾರಿಯನ್ನು ದಾಟಿ ವಳಸಂಗದ ಹತ್ತಿರ ಬಂದಾಗ ರೇಡಿಯೇಟರಿನಿಂದ ಆವಿ ಎದ್ದಿತು. ಈ ಸಲ ನಾವು ಅವಸರಪಡಲಿಲ್ಲ. ಕಾದಿರುವಾಗ ಅದರ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ; ಆದುದರಿಂದ ಮರದ ನೆರಳಿನಲ್ಲಿ ಆರುವ ತನಕ ಕುಳಿತೆವು. ಫ್ಯಾನಿನ ಬೆಲ್ಟು ಸಡಿಲವಾಗಿತ್ತು. ಬಿಗಿಮಾಡಿ, ನೀರು ತುಂಬಿ, ಸಂಜೆಯ ಹೊತ್ತಿಗೆ ಸ್ವಾಮಿ ಸಮರ್ಥರ ಅಕ್ಕಲಕೋಟೆಯನ್ನು ಸೇರಿದೆವು. ಆ ವರ್ಷದ ಮಳೆಗಾಲದ ಒಂದು ರಾತ್ರಿ ಅದೇ ಜೀಪು ಊರಿನ ಹೆಣ್ಣುಮಗಳೊಬ್ಬಳನ್ನು ಹೆರಿಗೆಗಾಗಿ ಸೊಲ್ಲಾಪುರಕ್ಕೆ ಮುಟ್ಟಿಸಿತು. ತಾಯಿ, ಮಗು ಇಬ್ಬರೂ ಸುಖವಾಗಿ ಮರಳಿದರು. ನಮ್ಮ ಶ್ರಮಕ್ಕೆ ಅದಕ್ಕಿಂತ ಹೆಚ್ಚಿನ ಪ್ರಶಸ್ತಿ ಬೇಕಾಗಿಲ್ಲ.

ವಿದ್ಯಾರ್ಥಿಗಳೆ, ಸೋಲು ನಮ್ಮಂಥವರಿಗೆ ಮಾತ್ರ ಬರುವುದಲ್ಲ. ಈ ಎಂಜಿನಿಗೆ ತನ್ನ ಹೆಸರನ್ನು ಕೊಟ್ಟ ಜರ್ಮನಿಯ ರುಡಾಲ್ಫ್ ಡೀಸೆಲ್ಲನು 1893ರಲ್ಲಿ ಮೊದಲ ಪ್ರಯೋಗ ಮಾಡಿದಾಗ ಅವನ ಯಂತ್ರ ತನ್ನ ಬಲದಿಂದ ಓಡಲಿಲ್ಲ. ಒಂದು ಆಸ್ಫೋಟವೇ ಆಯಿತು. 1897ರಲ್ಲಿ ಅದು ಯಶಸ್ವಿಯಾಗಿ ಓಡಿತು. ನಡುವಿನ ನಾಲ್ಕು ವರ್ಷಗಳನ್ನು ಅವನು ತಪ್ಪು ತಿದ್ದುವುದರಲ್ಲಿ ಕಳೆದನು. ನಮ್ಮ ನಾಡಿನವರೇ ಆದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದರು. ಅವರ ಕಬ್ಬಿಣದ ನೇಗಿಲು ಭೂಮಿಗೆ ವಿಷವಾಗುತ್ತದೆಂದು ರೈತರು ಮೊದಲು ಅಂಜಿ ಕೊಳ್ಳಲಿಲ್ಲ. ಅವರು ಎದೆಗುಂದಲಿಲ್ಲ, 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಇಂದು ನಮ್ಮ ಸೊಲ್ಲಾಪುರದಲ್ಲಿಯೇ 1992ರಲ್ಲಿ ಸ್ಥಾಪಿತವಾದ ಪ್ರಿಸಿಶನ್ ಕ್ಯಾಮ್‌ಶಾಫ್ಟ್ಸ್ ಕಂಪನಿಯವರು ಎಂಜಿನಿನ ಬಾಗಿಲುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟುಗಳನ್ನು ಮಾಡಿ ಹೊರದೇಶಗಳಿಗೂ ಕಳುಹಿಸುತ್ತಾರೆ. ಯಂತ್ರವಿದ್ಯೆ ನಮ್ಮ ಮಣ್ಣಿಗೆ ಪರಕೀಯವಲ್ಲ.

ಒಂದು ಎಚ್ಚರಿಕೆಯ ಮಾತು. ನಮ್ಮ ಕಥೆ ಕೇಳಿ ಯಾರೂ ಮನಸ್ಸಿಗೆ ಬಂದಂತೆ ಗಾಡಿಗಳನ್ನು ಬದಲಿಸತಕ್ಕದ್ದಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಇಂಥ ಬದಲಾವಣೆಗಳನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಕಾಯಿದೆ ಜಾಣರ ಕೈ ಕಟ್ಟುವುದಕ್ಕಾಗಿ ಇರುವುದಲ್ಲ. ದಾರಿಯಲ್ಲಿ ನಡೆಯುವವರ ಪ್ರಾಣ ಕಾಯುವುದಕ್ಕಾಗಿ ಇರುವುದು. ನಿಲ್ಲದ ಎಂಜಿನನ್ನು ಕಂಡ ನಮಗೆ ಅದರ ಬೆಲೆ ಗೊತ್ತು.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೆ. ಮಗ ಅಥವಾ ಮಗಳು ಕೆಟ್ಟ ಗಡಿಯಾರವನ್ನೋ ಸೈಕಲ್ಲನ್ನೋ ಬಿಚ್ಚಿ ಕುಳಿತರೆ ಬೈಯಬೇಡಿರಿ. ಬಿಚ್ಚಿದ್ದನ್ನು ಸಾಲಾಗಿ ಇಡಲು ಕಲಿಸಿರಿ. ಮಕ್ಕಳು ಮೂರ್ಖ ಪ್ರಶ್ನೆ ಕೇಳಿದರೆಂದು ನಗಬೇಡಿರಿ. ನಾವು ನಕ್ಕು ನಾಚಿದವರು. ಸಂಸ್ಥೆಯ ಹಿರಿಯರಲ್ಲಿ ಇನ್ನೊಂದು ವಿನಂತಿ: ಶಾಲೆಯ ಒಂದು ಕೋಣೆಯಲ್ಲಿ ಒಂದು ಗಟ್ಟಿ ಮೇಜು, ಒಂದು ಹಿಡಿಕಟ್ಟು, ಒಂದು ಪೆಟ್ಟಿಗೆ ಪಾನಾಗಳು ಇರಲಿ. ಕಾಕಾ ಈಗ ನಮ್ಮೊಡನೆ ಇಲ್ಲ. ಅವರ ಪಾನಾಗಳ ಪೆಟ್ಟಿಗೆ ನಮ್ಮ ಬಳಿ ಇದೆ. ಅದನ್ನು ಇಂದು ಈ ಶಾಲೆಗೆ ಒಪ್ಪಿಸುತ್ತಿದ್ದೇವೆ. ಜೊತೆಗೆ ಆ ಸೀಳಿದ ತಾಮ್ರದ ಕೊಳವೆಯೂ ಇದೆ. ವಿಜ್ಞಾನದ ಗುರುಗಳು ಗಾಳಿಯ ಒತ್ತಡದ ಪಾಠ ಹೇಳುವ ದಿನ ಅದನ್ನು ಮಕ್ಕಳ ಕೈಗೆ ಕೊಡಲಿ.

ಕೆರೆಯನ್ನು ಕಟ್ಟಿಸಿ ಕಾಯಕವನ್ನೇ ಪೂಜೆಯೆಂದು ಬಗೆದ ಸಿದ್ಧರಾಮನ ಊರು ಇದು. ಆ ಊರಿನ ಮಕ್ಕಳ ಕೈಗಳು ಬಲ್ಲವುಗಳಾಗಲಿ ಎಂದು ಹಾರೈಸುತ್ತೇವೆ.