ನಿಲ್ಲಲು ಇನ್ನೊಂದು ಸುತ್ತು

ಲಿನಕ್ಸ್ ಯಂತ್ರದಲ್ಲಿ ಓಡುತ್ತಿರುವ ಸರ್ವರ್‌ಗೆ ಹೊರಡುವ ಕರೆ ಬರುವುದು 15ನೇ ನಂಬರಿನ ಸಿಗ್ನಲ್ ಆಗಿ. ಹೆಸರು ಸಿಗ್‌ಟರ್ಮ್. ಕರೆ ಕಳಿಸಿದವರು ಸ್ವಲ್ಪ ಹೊತ್ತು ಕಾಯುತ್ತಾರೆ. ಯಾರೂ ಬದಲಿಸದಿದ್ದರೆ ಡಾಕರ್ 10 ಸೆಕೆಂಡ್, ಕುಬರ್ನೆಟಿಸ್ 30, ಸಿಸ್ಟಮ್‌ಡಿ 90. ಅಷ್ಟರಲ್ಲಿ ಜಾಗ ಖಾಲಿ ಮಾಡದಿದ್ದರೆ 9ನೇ ಸಿಗ್ನಲ್ ಬಂದು ಪ್ರೋಗ್ರಾಮನ್ನು ಇದ್ದಲ್ಲೇ ಮುಗಿಸುತ್ತದೆ. ಅದನ್ನು ತಡೆದು ನಿಲ್ಲಿಸಲು ಯಾವ ಪ್ರೋಗ್ರಾಮಿಗೂ ಆಗದು.

ಸಿ ಭಾಷೆಯಲ್ಲಿ ಇವೆಂಟ್ ಲೂಪ್, ಅಂದರೆ ಘಟನೆಗಳಿಗಾಗಿ ಕಾದು ಒಂದೊಂದನ್ನೇ ನಿಭಾಯಿಸುವ ಸುತ್ತು, ಬರೆಯುವವರ ನಿಜವಾದ ಪರೀಕ್ಷೆ ಈ ನಡುವಿನ ಅವಧಿಯಲ್ಲಿ. ಲೂಪ್ ಶುರು ಮಾಡುವುದಕ್ಕೆ ನಾಲ್ಕು ಸಾಲು ಸಾಕು. ನಿಲ್ಲಿಸುವುದು ಹಾಗಲ್ಲ, ನಿಲ್ಲಿಸುವ ಕೆಲಸವೂ ಲೂಪಿನ ಒಳಗೇ, ಅದರ ಸುತ್ತುಗಳಲ್ಲೇ ಆಗಬೇಕು.

ಅವಸರದವರು ಎಲ್ಲ ಸ್ವಚ್ಛತೆಯನ್ನೂ ಸಿಗ್ನಲ್ ಬಂದೊಡನೆ ಓಡುವ ಹ್ಯಾಂಡ್ಲರ್ ಫಂಕ್ಷನ್ನಿನಲ್ಲೇ ತುರುಕುತ್ತಾರೆ. ಆದರೆ ಸಿಗ್ನಲ್ ಹೊತ್ತುಗೊತ್ತು ನೋಡಿ ಬರುವುದಿಲ್ಲ. ಪ್ರೋಗ್ರಾಮು ಮೆಮೊರಿ ಹಂಚುವ ಮ್ಯಾಲಕ್ ಫಂಕ್ಷನ್ನಿನ ಒಳಗಿದ್ದು, ಮೆಮೊರಿಯ ಲೆಕ್ಕ ಅರ್ಧ ಬರೆದಿರುವಾಗಲೇ ಬಂದೀತು. ಆಗ ಹ್ಯಾಂಡ್ಲರೂ ಮ್ಯಾಲಕ್ ಕರೆದರೆ ಲೆಕ್ಕ ಕೆಟ್ಟಿತು. ಓಪನ್ ಎಸ್‌ಎಸ್‌ಎಚ್‌ನಲ್ಲಿ 2024ರ ಜುಲೈ 1ರಂದು ಕ್ವಾಲಿಸ್ ಸಂಸ್ಥೆ ಬಯಲು ಮಾಡಿದ ಲೋಪ ಇದೇ ಜಾತಿಯದು. ಲಾಗಿನ್ ಆಗದೆ 120 ಸೆಕೆಂಡ್ ಕಳೆದ ಸಂಪರ್ಕವನ್ನು ಕಡಿಯಲು ಅಲಾರಂ ಸಿಗ್ನಲ್ ಬರುತ್ತಿತ್ತು. ಅದರ ಹ್ಯಾಂಡ್ಲರು ಸಿಸ್‌ಲಾಗ್‌ಗೆ ಬರೆಯುತ್ತಿತ್ತು; ಸಿಸ್‌ಲಾಗ್ ಒಳಗೊಳಗೇ ಮ್ಯಾಲಕ್ ಕರೆಯಬಲ್ಲದು. ಸಮಯ ಹೊಂದಿಸಿ ಕಾದು ಕೂತ ಆಕ್ರಮಣಕಾರನಿಗೆ ರೂಟ್ ಅಧಿಕಾರವೇ ಕೈಗೆ ಸಿಗುವಂತಿತ್ತು. ವಿಚಿತ್ರವೆಂದರೆ 2006ರಲ್ಲಿ ಮುಚ್ಚಿದ್ದ ಅದೇ ಬಿರುಕು 2020ರ ಒಂದು ಬದಲಾವಣೆಯಲ್ಲಿ ಮತ್ತೆ ಬಾಯಿ ಬಿಟ್ಟಿತ್ತು.

ಹ್ಯಾಂಡ್ಲರು ಸುದ್ದಿ ಮುಟ್ಟಿಸಿ ಸುಮ್ಮನಾಗಬೇಕು, ಅಷ್ಟೆ. ಡ್ಯಾನಿಯಲ್ ಬರ್ನ್‌ಸ್ಟೈನ್ ಹೆಸರಿನೊಂದಿಗೆ ಬೆಸೆದುಕೊಂಡಿರುವ ಹಳೆಯ ಉಪಾಯದಲ್ಲಿ ಪ್ರೋಗ್ರಾಮು ತನಗೆ ತಾನೇ ಒಂದು ಪೈಪ್ ತೆರೆದುಕೊಳ್ಳುತ್ತದೆ. ಹ್ಯಾಂಡ್ಲರು ಅದರ ಒಂದು ತುದಿಗೆ ಒಂದೇ ಬೈಟ್ ಬರೆಯುತ್ತದೆ. ಇನ್ನೊಂದು ತುದಿ ಕಾಯುತ್ತಿರುವ ಲೂಪ್ ಎಚ್ಚರಗೊಳ್ಳುತ್ತದೆ. 2007ರಲ್ಲಿ ಲಿನಕ್ಸ್ 2.6.22ರೊಂದಿಗೆ ಬಂದ ಸಿಗ್ನಲ್‌ಎಫ್‌ಡಿ ಮತ್ತು ಇವೆಂಟ್‌ಎಫ್‌ಡಿ ಈ ಕೆಲಸವನ್ನು ಇನ್ನಷ್ಟು ಸಲೀಸು ಮಾಡಿದವು.

ಎಚ್ಚರವಾದ ಮೇಲೆ? ನೋಡ್ ಜೆಎಸ್‌ಗಾಗಿ ಹುಟ್ಟಿದ ಇವೆಂಟ್ ಲೂಪ್ ಲೈಬ್ರರಿ ಲಿಬ್‌ಯುವಿಯನ್ನೇ ತೆಗೆದುಕೊಳ್ಳಬಹುದು. ಅದರಲ್ಲಿ ಯುವಿ ಸ್ಟಾಪ್ ಎಂಬ ಫಂಕ್ಷನ್ ಇದೆ. ಹೆಸರು ನೋಡಿ ಎಲ್ಲವೂ ನಿಂತಿತು ಎಂದುಕೊಂಡವರು ಬಹಳ. ಅದು ಮಾಡುವುದು ಒಂದು ಗುರುತು ಹಾಕುವುದನ್ನು ಮಾತ್ರ. ಬೇರೆ ಥ್ರೆಡ್‌ನಿಂದ ಕರೆದರೆ ಮಲಗಿರುವ ಲೂಪ್ ಏಳುವುದೂ ಇಲ್ಲ. ಏಳಿಸಲು ಯುವಿ ಅಸಿಂಕ್ ಸೆಂಡ್ ಬೇಕು. ಸಾಕೆಟ್‌ಗಳು, ಟೈಮರ್‌ಗಳು ತೆರೆದೇ ಇರುತ್ತವೆ. ಆ ಸ್ಥಿತಿಯಲ್ಲಿ ಯುವಿ ಲೂಪ್ ಕ್ಲೋಸ್ ಕರೆದರೆ ‘ಇನ್ನೂ ಕೆಲಸವಿದೆ’ ಎಂಬರ್ಥದ ಇಬ್ಯುಸಿ ಉತ್ತರ ಬರುತ್ತದೆ. ಆ ಉತ್ತರವನ್ನು ಓದದೆ ಮುಂದಕ್ಕೆ ಹೋಗುವ ಕೋಡ್ ಎಷ್ಟು ಬೇಕಾದರೂ ಸಿಗುತ್ತದೆ.

ಯುವಿ ವಾಕ್‌ನಿಂದ ಸಾಕೆಟ್, ಟೈಮರ್‌ಗಳಂಥ ಒಂದೊಂದೇ ಹ್ಯಾಂಡಲ್ ಹುಡುಕಿ ಯುವಿ ಕ್ಲೋಸ್ ಹೇಳಬೇಕು. ಇದೂ ತಕ್ಷಣ ಪೂರ್ತಿಯಾಗುವುದಿಲ್ಲ. ಲಿಬ್‌ಯುವಿ ಆ ಹ್ಯಾಂಡಲನ್ನು ಮುಚ್ಚಬೇಕಾದವುಗಳ ಸರಪಳಿಗೆ ಸೇರಿಸುತ್ತದೆ. ಸರಪಳಿಯ ಕೊಂಡಿ ಇರುವುದು ಹ್ಯಾಂಡಲಿನ ಮೆಮೊರಿಯ ಒಳಗೇ. ಮರುಸಾಲಿನಲ್ಲೇ ಫ್ರೀ ಮಾಡಿದವರು ಕೊಂಡಿಯನ್ನೂ ಕಿತ್ತಂತಾಯಿತು. ಹ್ಯಾಂಡಲನ್ನು ಫಂಕ್ಷನ್ನಿನ ಒಳಗೆ ಸ್ಥಳೀಯ ವೇರಿಯಬಲ್ಲಾಗಿ ಇಟ್ಟುಕೊಂಡು, ಕ್ಲೋಸ್ ಹೇಳಿ ಫಂಕ್ಷನ್ನಿನಿಂದ ಹೊರಬಿದ್ದರೂ ಅದೇ ಗತಿ. ಮುಚ್ಚಿದ ಸುದ್ದಿ ತರುವ ಕಾಲ್‌ಬ್ಯಾಕ್ ಬರುವವರೆಗೆ ಕಾಯಬೇಕು, ಅದು ಬರಬೇಕಾದರೆ ಯುವಿ ರನ್ ಮತ್ತೆ ಓಡಬೇಕು.

ಇಷ್ಟಾದರೂ ಮೆಮೊರಿಯ ಮಟ್ಟಿಗೆ ಮಾತ್ರ ಗೆದ್ದಂತೆ. ಗ್ರಾಹಕರ ಮಟ್ಟಿಗೆ ಬೇರೆ ಲೆಕ್ಕ. ಹೋಟೆಲಿನವರು ರಾತ್ರಿ ಶಟರ್ ಅರ್ಧ ಇಳಿಸಿ, ಒಳಗೆ ಕೂತವರ ಊಟ ಮುಗಿಯಲು ಬಿಡುತ್ತಾರಲ್ಲ, ಹಾಗೆ ಮೊದಲು ಹೊಸ ಸಂಪರ್ಕ ಸ್ವೀಕರಿಸುವ ಸಾಕೆಟ್ ಮಾತ್ರ ಮುಚ್ಚಬೇಕು. ಅರ್ಧ ಬರೆದ ಉತ್ತರಗಳು ಪೂರ್ತಿ ಹೋಗಬೇಕು. ಆದರೆ ಮಾತೇ ಆಡದ ಕ್ಲೈಂಟ್‌ಗಾಗಿ ಎಷ್ಟು ಹೊತ್ತು ಕಾಯುವುದು? ಡಾಕರ್ ಕೊಟ್ಟಿರುವುದು 10 ಸೆಕೆಂಡ್ ಆದರೆ 7ಕ್ಕೋ 8ಕ್ಕೋ ಒಂದು ಟೈಮರ್ ಇಟ್ಟು, ಅದು ಬಡಿದಾಗ ಉಳಿದವನ್ನು ಕಡಿದುಹಾಕುವುದು ಜಾಣತನ.

ಎಡವುವುದು ಈ ಟೈಮರಿನಲ್ಲೇ. ಅದೂ ಒಂದು ಹ್ಯಾಂಡಲ್. ಅದು ಜೀವಂತವಿರುವವರೆಗೆ ಲೂಪ್ ಮುಗಿಯದು. ಗ್ರಾಹಕರೆಲ್ಲ ಮೊದಲ ಸೆಕೆಂಡಿನಲ್ಲೇ ಹೋಗಿದ್ದರೂ ಸರ್ವರ್ ಸುಮ್ಮನೆ 8ನೇ ಸೆಕೆಂಡಿನವರೆಗೆ ಕೂತಿರುತ್ತದೆ. ಯುವಿ ಅನ್‌ರೆಫ್ ಕರೆದರೆ ಲೂಪ್ ಟೈಮರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಯುವಿ ರನ್ ಬೇಗ ಮರಳುತ್ತದೆ. ಯುವಿ ಲೂಪ್ ಕ್ಲೋಸ್ ಮಾತ್ರ ಆ ರಿಯಾಯಿತಿ ಒಪ್ಪುವುದಿಲ್ಲ: ಟೈಮರಿಗೂ ಯುವಿ ಕ್ಲೋಸ್ ಹೇಳಿ, ಕಾಲ್‌ಬ್ಯಾಕಿಗಾಗಿ ಇನ್ನೊಂದು ಸುತ್ತು ಓಡಿಸಿದ ಮೇಲೆಯೇ ಅದು ಸೊನ್ನೆ ಹಿಂತಿರುಗಿಸುವುದು.